ಹುಲ್ಲಿನ ಇಂಗಾಲ ಎಷ್ಟು ದೂರ ಹಾರುತ್ತದೆ? ಸಸ್ಯತ್ಯಾಜ್ಯದಿಂದ ವಿಮಾನ ಇಂಧನ

ಮಾನ್ಯರೇ,

ಸಸ್ಯತ್ಯಾಜ್ಯದಿಂದ ವಿಮಾನ ಇಂಧನವನ್ನು ತಯಾರಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಹಲವು ವರ್ಷಗಳಾದವು. 2016ರ ನವೆಂಬರ್ ತಿಂಗಳಲ್ಲಿ ಅಲಾಸ್ಕಾ ಏರ್‌ಲೈನ್ಸ್ ಸಂಸ್ಥೆಯ ವಿಮಾನವೊಂದು ಪ್ರಯಾಣಿಕರನ್ನು ಹೊತ್ತು ಸಿಯಾಟಲ್‌ನಿಂದ ವಾಷಿಂಗ್ಟನ್ ಡಿ.ಸಿ.ಗೆ ಹಾರಿತು. ಅದಕ್ಕೆ ತುಂಬಿದ್ದ ಮಿಶ್ರಣದಲ್ಲಿ ಶೇ. 20ರಷ್ಟು ಇಂಧನವು, ಮರ ಕಡಿದು ಸಾಗಿಸಿದ ಮೇಲೆ ಕಾಡಿನಲ್ಲೇ ಉಳಿದಿದ್ದ ಕೊಂಬೆ, ಬೊಡ್ಡೆ, ತುದಿಗಳಿಂದ ಬಂದದ್ದಾಗಿತ್ತು. ಆ ತುಂಡುಗಳಲ್ಲಿನ ಸೆಲ್ಯುಲೋಸನ್ನು ಸಕ್ಕರೆಯಾಗಿಸಿ, ಸಕ್ಕರೆಯನ್ನು ಹುದುಗಿಸಿ ಐಸೊಬ್ಯುಟನಾಲ್ ಎಂಬ ಮದ್ಯಸಾರವನ್ನು ಪಡೆದು, ಆ ಮದ್ಯಸಾರವನ್ನು ಸೀಮೆಎಣ್ಣೆಯ ವರ್ಗದ ಹೈಡ್ರೋಕಾರ್ಬನ್ (ಇಂಗಾಲ ಮತ್ತು ಜಲಜನಕ ಮಾತ್ರ ಇರುವ ಸಂಯುಕ್ತ) ಆಗಿ ಮಾರ್ಪಡಿಸಲಾಗಿತ್ತು. ಎಂಜಿನ್ನಿನಲ್ಲಾಗಲಿ ಇಂಧನದ ಕೊಳವೆಗಳಲ್ಲಾಗಲಿ ಯಾವ ಬದಲಾವಣೆಯನ್ನೂ ಮಾಡಬೇಕಾಗಲಿಲ್ಲ.

ನನ್ನ ಇಂದಿನ ಮಾತು ಅದರ ಮುಂದಿನ ಪ್ರಶ್ನೆಯನ್ನು ಕುರಿತದ್ದು. ಹೊಲದಲ್ಲಿ ಉಳಿದ ಒಂದು ಟನ್ ಹುಲ್ಲಿನಲ್ಲಿರುವ ಇಂಗಾಲದಲ್ಲಿ ಎಷ್ಟು ಪಾಲು ವಿಮಾನದ ಟ್ಯಾಂಕನ್ನು ತಲುಪುತ್ತದೆ, ಉಳಿದದ್ದು ದಾರಿಯಲ್ಲಿ ಎಲ್ಲಿ ಹೋಗುತ್ತದೆ, ಆ ನಷ್ಟವನ್ನು ಕಡಿಮೆ ಮಾಡಲು ಏನು ಮಾಡಬಹುದು ಎಂಬ ಲೆಕ್ಕವನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಈ ಲೆಕ್ಕವಿಲ್ಲದೆ ಸುಸ್ಥಿರ ವಿಮಾನ ಇಂಧನದ, ಅಂದರೆ ಭೂಗರ್ಭದ ಎಣ್ಣೆಯಿಂದ ಬಾರದ ಇಂಥ ಇಂಧನದ ಬಗ್ಗೆ ನಡೆಯುವ ಚರ್ಚೆ ಬಹುಮಟ್ಟಿಗೆ ಭರವಸೆ ಮತ್ತು ಅನುಮಾನಗಳ ವಿನಿಮಯವಾಗಿಯೇ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ವಿಮಾನಕ್ಕೇ ಏಕೆ ಈ ಶ್ರಮ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮನುಷ್ಯನ ಚಟುವಟಿಕೆಗಳಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ವಿಮಾನಯಾನದ ಪಾಲು ಶೇ. 2ರಿಂದ 2.5ರಷ್ಟು. ಪಾಲು ಚಿಕ್ಕದಾಗಿ ಕಂಡರೂ ಅದನ್ನು ತಗ್ಗಿಸುವ ಬೇರೆ ದಾರಿಗಳು ಬಹಳ ಕಡಿಮೆ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 43 ಮೆಗಾಜೌಲ್ ಶಕ್ತಿಯಿದ್ದರೆ, ಇಂದಿನ ಉತ್ತಮ ಲಿಥಿಯಂ ಬ್ಯಾಟರಿಯ ಒಂದು ಕಿಲೋದಲ್ಲಿ ಸುಮಾರು ಒಂದು ಮೆಗಾಜೌಲಿನಷ್ಟು ಮಾತ್ರ ಇರುತ್ತದೆ. ವಿದ್ಯುತ್ ಮೋಟಾರಿನ ದಕ್ಷತೆ ಹೆಚ್ಚೆಂಬುದನ್ನು ಪರಿಗಣಿಸಿದರೂ ಸಾಗರ ದಾಟುವ ವಿಮಾನಕ್ಕೆ ಈ ಅಂತರವನ್ನು ತುಂಬಲಾಗದು. ಜಲಜನಕವು ತೂಕದ ಲೆಕ್ಕದಲ್ಲಿ ಶ್ರೀಮಂತ ಇಂಧನವಾದರೂ, ಮೈನಸ್ 253 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ದ್ರವವಾಗಿಸಿದ ಮೇಲೂ ಅದು ಅಷ್ಟೇ ಶಕ್ತಿಗೆ ಸೀಮೆಎಣ್ಣೆಯ ನಾಲ್ಕು ಪಟ್ಟು ಜಾಗವನ್ನು ಬೇಡುತ್ತದೆ. ಅದಕ್ಕಾಗಿ ವಿಮಾನದ ದೇಹವನ್ನೇ ಹೊಸದಾಗಿ ರೂಪಿಸಬೇಕು. ಇಂದು ಕಾರ್ಖಾನೆಯಿಂದ ಹೊರಬರುವ ವಿಮಾನವು ಇಪ್ಪತ್ತೈದು ವರ್ಷ ಹಾರುತ್ತದೆ. ಆದ್ದರಿಂದ ಇರುವ ಎಂಜಿನ್ನುಗಳಲ್ಲೇ ಉರಿಯುವ, ಆದರೆ ಭೂಗರ್ಭದಿಂದ ಬಾರದ ದ್ರವ ಹೈಡ್ರೋಕಾರ್ಬನ್ನಿನ ಅಗತ್ಯ ಬಹುಕಾಲ ಇದ್ದೇ ಇರುತ್ತದೆ.

ಆ ದ್ರವ ಯಾವ ಗುಣಗಳನ್ನು ಹೊಂದಿರಬೇಕು ಎಂಬ ವಿಚಾರದಲ್ಲಿ ವಿಮಾನಯಾನ ಕ್ಷೇತ್ರ ಯಾವ ಸಡಿಲಿಕೆಯನ್ನೂ ಕೊಡುವುದಿಲ್ಲ. ಅಂತರರಾಷ್ಟ್ರೀಯವಾಗಿ ಬಳಸುವ ಜೆಟ್ ಎ-1 ಇಂಧನವು ಮುಖ್ಯವಾಗಿ 8ರಿಂದ 16 ಇಂಗಾಲ ಪರಮಾಣುಗಳುಳ್ಳ ಹೈಡ್ರೋಕಾರ್ಬನ್ನುಗಳ ಮಿಶ್ರಣ. ಅದು ಮೈನಸ್ 47 ಡಿಗ್ರಿಯವರೆಗೆ ಹೆಪ್ಪುಗಟ್ಟಬಾರದು, 38 ಡಿಗ್ರಿಗಿಂತ ಕೆಳಗೆ ಕಿಡಿ ತಾಗಿದರೂ ಹೊತ್ತಿಕೊಳ್ಳುವಂತಿರಬಾರದು. ನೇರ ಸರಪಳಿಯ, 12 ಇಂಗಾಲಗಳ ಡೋಡೆಕೇನ್ ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. 16 ಇಂಗಾಲಗಳ ನೇರ ಸರಪಳಿಯಂತೂ ಸಾಧಾರಣ ತಂಪಿನ ಕೋಣೆಯಲ್ಲೇ ಘನವಾಗಿಬಿಡುತ್ತದೆ. ಹಾಗಾಗಿ ಸರಿಯಾದ ಉದ್ದದ ಸರಪಳಿಯನ್ನು ಕಟ್ಟಿದರೆ ಸಾಲದು, ಅದಕ್ಕೆ ಕವಲುಗಳನ್ನೂ ಮೂಡಿಸಬೇಕು. ಕವಲೊಡೆದ ಅಣುಗಳು ಒಂದರ ಮೇಲೊಂದು ಒತ್ತಾಗಿ ಜೋಡಿಸಿಕೊಳ್ಳಲಾರವು. ಅದರಿಂದಲೇ ಅವು ತೀವ್ರ ಚಳಿಯಲ್ಲೂ ಹರಿಯುತ್ತವೆ. ಇದರ ಜೊತೆಗೆ ಬೆಂಜೀನ್ ಉಂಗುರದ ಆರೊಮ್ಯಾಟಿಕ್ ಅಣುಗಳೂ ಮಿಶ್ರಣದಲ್ಲಿ ಕನಿಷ್ಠ ಶೇ. 8ರಷ್ಟು ಇರಬೇಕೆಂಬ ನಿಯಮವಿದೆ, ಏಕೆಂದರೆ ಹಳೆಯ ಇಂಧನ ವ್ಯವಸ್ಥೆಗಳ ರಬ್ಬರ್ ಬಿಗಿಪಟ್ಟಿಗಳು ಆ ಅಣುಗಳನ್ನು ಹೀರಿ ಉಬ್ಬಿಕೊಂಡಾಗ ಮಾತ್ರ ಸೋರಿಕೆಯನ್ನು ತಡೆಯುತ್ತವೆ. ವಸ್ತುಗಳ ಗುಣಮಟ್ಟದ ನಿಯಮಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಡಿ 7566 ಎಂಬ ಮಾನದಂಡ 2009ರಲ್ಲಿ ಜಾರಿಗೆ ಬಂದ ಮೇಲೆ ಒಂದೊಂದಾಗಿ ಹಲವು ತಯಾರಿಕಾ ವಿಧಾನಗಳಿಗೆ ಒಪ್ಪಿಗೆ ಸಿಕ್ಕಿದೆ. ಮುಖ್ಯ ವಿಧಾನಗಳ ಇಂಧನವನ್ನು ಸಾಧಾರಣ ವಿಮಾನ ಇಂಧನಕ್ಕೆ ಶೇ. 50ರವರೆಗೆ ಬೆರೆಸುವ ಅವಕಾಶವಿದೆ. 2023ರ ನವೆಂಬರ್ 28ರಂದು ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಯ ಬೋಯಿಂಗ್ 787 ವಿಮಾನವು ಲಂಡನ್‌ನಿಂದ ನ್ಯೂಯಾರ್ಕಿಗೆ ಪೂರ್ಣವಾಗಿ ಇಂಥ ಇಂಧನದಲ್ಲೇ ಹಾರಿದಾಗ, ಅದರಲ್ಲಿ ಶೇ. 88 ಭಾಗ ತ್ಯಾಜ್ಯ ಕೊಬ್ಬುಗಳಿಂದ ಬಂದದ್ದಾಗಿದ್ದರೆ, ಶೇ. 12 ಭಾಗ ಸಸ್ಯದ ಸಕ್ಕರೆಯಿಂದ ತಯಾರಿಸಿದ ಆರೊಮ್ಯಾಟಿಕ್ ಇಂಧನವಾಗಿತ್ತು. ಆ ಶೇ. 12 ಏಕೆ ಬೇಕಾಯಿತು ಎಂಬುದಕ್ಕೆ ಈ ಬಿಗಿಪಟ್ಟಿಗಳೇ ಒಂದು ಮುಖ್ಯ ಕಾರಣ.

ಈಗ ಹುಲ್ಲಿಗೆ ಬರೋಣ. ಭತ್ತದ ಹುಲ್ಲು, ಗೋಧಿಯ ಹುಲ್ಲು, ಮೆಕ್ಕೆಜೋಳದ ದಂಟು, ಕಬ್ಬಿನ ಸಿಪ್ಪೆ, ಮರದ ಹೊಟ್ಟು ಇವೆಲ್ಲವೂ ಮೂಲತಃ ಮೂರು ವಸ್ತುಗಳಿಂದ ಕಟ್ಟಿದವು. ಗ್ಲೂಕೋಸ್ ಕೊಂಡಿಗಳ ಉದ್ದನೆಯ ಎಳೆಯಾದ ಸೆಲ್ಯುಲೋಸ್, ಮುಖ್ಯವಾಗಿ ಐದು ಇಂಗಾಲಗಳ ಸಕ್ಕರೆಗಳಿಂದಾದ ಹೆಮಿಸೆಲ್ಯುಲೋಸ್, ಇವೆರಡನ್ನೂ ಬಿಗಿಯಾಗಿ ಹಿಡಿದಿಡುವ ಲಿಗ್ನಿನ್. ಈ ಮೂರರಲ್ಲೂ ಆಮ್ಲಜನಕ ತುಂಬಿಕೊಂಡಿದೆ. ಒಣಗಿದ ಸಸ್ಯವಸ್ತುವಿನ ತೂಕದಲ್ಲಿ ಶೇ. 40ಕ್ಕೂ ಹೆಚ್ಚು ಆಮ್ಲಜನಕವೇ. ಗ್ಲೂಕೋಸಿನಲ್ಲಂತೂ ಅರ್ಧಕ್ಕಿಂತ ಹೆಚ್ಚು. ವಿಮಾನ ಇಂಧನದಲ್ಲಾದರೋ ಆಮ್ಲಜನಕಕ್ಕೆ ಎಡೆಯೇ ಇಲ್ಲ. ಹಾಗಾಗಿ ಸಸ್ಯತ್ಯಾಜ್ಯದಿಂದ ಇಂಧನ ತಯಾರಿಸುವ ಎಲ್ಲ ವಿಧಾನಗಳ ಒಳಗಿರುವ ಕೆಲಸ ಒಂದೇ: ಆಮ್ಲಜನಕವನ್ನು ಹೊರಹಾಕುವುದು.

ಹೊರಹಾಕಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದೋ ಆಮ್ಲಜನಕವು ಇಂಗಾಲವನ್ನು ಜೊತೆಗೆ ಕರೆದುಕೊಂಡು ಇಂಗಾಲದ ಡೈಆಕ್ಸೈಡಾಗಿ ಹೋಗಬೇಕು, ಇಲ್ಲವೇ ಜಲಜನಕದೊಡನೆ ಕೂಡಿ ನೀರಾಗಿ ಹೋಗಬೇಕು. ಮೊದಲನೆಯದರಲ್ಲಿ ನಾವು ಇಂಗಾಲವನ್ನು ಕಳೆದುಕೊಳ್ಳುತ್ತೇವೆ, ಎರಡನೆಯದರಲ್ಲಿ ಜಲಜನಕವನ್ನು ಹೊರಗಿನಿಂದ ತಂದುಕೊಡಬೇಕಾಗುತ್ತದೆ. ಮುಂದೆ ನಾನು ಹೇಳುವ ಪ್ರತಿಯೊಂದು ವಿಧಾನವನ್ನೂ ಈ ದೃಷ್ಟಿಯಿಂದ ನೋಡಬೇಕೆಂದು ಕೋರುತ್ತೇನೆ.

ಮದ್ಯಸಾರದ ದಾರಿಯನ್ನು ಮೊದಲು ತೆಗೆದುಕೊಳ್ಳೋಣ. ಹುಲ್ಲನ್ನು ಕತ್ತರಿಸಿ, ಬಿಸಿ ಹಬೆಯಲ್ಲಿ ಒತ್ತಡಕ್ಕೊಳಪಡಿಸಿ ಒಮ್ಮೆಲೇ ಒತ್ತಡ ಇಳಿಸಿದಾಗ ಅದರ ನಾರಿನ ಕಟ್ಟು ಸಡಿಲಗೊಳ್ಳುತ್ತದೆ. ದುರ್ಬಲ ಆಮ್ಲದಿಂದಲೂ ಇದನ್ನು ಸಾಧಿಸಬಹುದು. ಬಳಿಕ ಕಿಣ್ವಗಳು ಸೆಲ್ಯುಲೋಸನ್ನು ಗ್ಲೂಕೋಸಾಗಿ ಬಿಡಿಸುತ್ತವೆ. ಈ ಕಿಣ್ವಗಳ ಮುಖ್ಯ ಮೂಲ ಟ್ರೈಕೋಡರ್ಮಾ ರೀಸೈ ಎಂಬ ಬೂಷ್ಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳು, ಬಟ್ಟೆಗಳು ಬಹುಬೇಗ ಕೊಳೆತುಹೋಗುತ್ತಿದ್ದುದರ ಕಾರಣವನ್ನು ಹುಡುಕಿದವರಿಗೆ ಸಿಕ್ಕಿದ್ದು ಅದು. ಅಂದು ಹತ್ತಿಯ ನಾಶಕ್ಕೆ ಕಾರಣವಾಗಿದ್ದ ಸಾಮರ್ಥ್ಯವೇ ಇಂದು ನಮಗೆ ಬೇಕಾದದ್ದು. ಹೀಗೆ ಬಂದ ಗ್ಲೂಕೋಸನ್ನು ಯೀಸ್ಟ್ ಎಥನಾಲ್ ಆಗಿ ಹುದುಗಿಸುತ್ತದೆ. ಹೆಮಿಸೆಲ್ಯುಲೋಸಿನಿಂದ ಬರುವ ಕ್ಸೈಲೋಸನ್ನು ಸಾಮಾನ್ಯ ಯೀಸ್ಟ್ ಮುಟ್ಟುವುದಿಲ್ಲವಾದ್ದರಿಂದ ಅದಕ್ಕೆ ಮಾರ್ಪಡಿಸಿದ ತಳಿಗಳು ಬೇಕು. ಎಥನಾಲಿನಿಂದ ನೀರನ್ನು ತೆಗೆದರೆ ಎಥಿಲೀನ್, ಎಥಿಲೀನ್ ಅಣುಗಳನ್ನು ಜೋಡಿಸುತ್ತಾ ಹೋದರೆ ಉದ್ದ ಸರಪಳಿ, ಕೊನೆಗೆ ಸ್ವಲ್ಪ ಜಲಜನಕ ಸೇರಿಸಿದರೆ ಇಂಧನ. ಅಮೆರಿಕದ ಜಾರ್ಜಿಯಾ ರಾಜ್ಯದ ಸೋಪರ್ಟನ್ ಎಂಬಲ್ಲಿ ಲ್ಯಾಂಜಾಜೆಟ್ ಸಂಸ್ಥೆ 2024ರ ಜನವರಿಯಲ್ಲಿ ಉದ್ಘಾಟಿಸಿದ ಸ್ಥಾವರವು ಎಥನಾಲಿನಿಂದ ಮುಂದಿನ ಈ ಭಾಗಕ್ಕಾಗಿಯೇ ಕಟ್ಟಿದ್ದು.

ಲೆಕ್ಕವನ್ನು ನೋಡೋಣ. ಗ್ಲೂಕೋಸಿನ ಆರು ಇಂಗಾಲಗಳಲ್ಲಿ ಎರಡು ಹುದುಗುವಾಗಲೇ ಇಂಗಾಲದ ಡೈಆಕ್ಸೈಡಾಗಿ ಹೋಗುತ್ತವೆ, ನಾಲ್ಕು ಉಳಿಯುತ್ತವೆ. ಇದನ್ನು ಯಾವ ಚಾಣಾಕ್ಷ ಎಂಜಿನಿಯರೂ ತಪ್ಪಿಸಲಾರ, ಅದು ಹುದುಗುವಿಕೆಯ ಸಹಜ ಗುಣ. ಶೇ. 35 ಸೆಲ್ಯುಲೋಸ್, ಶೇ. 25 ಹೆಮಿಸೆಲ್ಯುಲೋಸ್ ಇರುವ ಒಂದು ಟನ್ ಒಣ ಹುಲ್ಲಿನಿಂದ ಒಂದು ಹನಿಯೂ ವ್ಯರ್ಥವಾಗದೆ ಎಲ್ಲ ಸಕ್ಕರೆಯೂ ದೊರೆತು, ಎಲ್ಲವೂ ಹುದುಗಿದರೆ ಸುಮಾರು 340 ಕಿಲೋ ಎಥನಾಲ್, ಅದರಿಂದ ಸುಮಾರು 210 ಕಿಲೋ ಹೈಡ್ರೋಕಾರ್ಬನ್ ಬರುತ್ತದೆ. ಕಾರ್ಯರೂಪದಲ್ಲಿ ಅದರ ಮೂರನೇ ಎರಡು ಭಾಗ ಕೈಸೇರಿದರೆ 140 ಕಿಲೋ. ಲಿಗ್ನಿನ್ ಈ ದಾರಿಯಲ್ಲಿ ಇಂಧನವಾಗುವುದೇ ಇಲ್ಲ. ಅದನ್ನು ಬಾಯ್ಲರಿನಲ್ಲಿ ಉರಿಸಿ ಸ್ಥಾವರಕ್ಕೆ ಬೇಕಾದ ಹಬೆಯನ್ನು ಪಡೆಯುತ್ತಾರೆ. ಲಿಗ್ನಿನ್ನಿನ ರಚನೆಯಲ್ಲಿಯೇ ಆರೊಮ್ಯಾಟಿಕ್ ಉಂಗುರಗಳಿವೆ, ವಿಮಾನ ಇಂಧನಕ್ಕೆ ಬೇಕಾದದ್ದೂ ಅಂಥವೇ. ಆದರೂ ಅದನ್ನು ಒಡೆದು ಶುದ್ಧ ದ್ರವವಾಗಿಸುವ ಕೆಲಸ ಇನ್ನೂ ಪ್ರಯೋಗಾಲಯಗಳಿಂದ ಪೂರ್ತಿ ಹೊರಬಂದಿಲ್ಲವೆಂಬುದು ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಬೇಸರ ತರುವ ಸಂಗತಿ.

ಎರಡನೆಯದು ಅನಿಲೀಕರಣದ ದಾರಿ. ಇಲ್ಲಿ ಸೆಲ್ಯುಲೋಸ್, ಲಿಗ್ನಿನ್ ಎಂಬ ಭೇದವಿಲ್ಲ. ಸೀಮಿತ ಆಮ್ಲಜನಕದಲ್ಲಿ 800 ಡಿಗ್ರಿಗೂ ಮೀರಿದ ತಾಪದಲ್ಲಿ ಎಲ್ಲವೂ ಒಡೆದು ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕಗಳ ಮಿಶ್ರಣವಾಗುತ್ತದೆ. ಆ ಅನಿಲವನ್ನು ಶುದ್ಧಗೊಳಿಸಿ, ಕೋಬಾಲ್ಟ್ ಅಥವಾ ಕಬ್ಬಿಣದ ವೇಗವರ್ಧಕದ ಮೇಲೆ ಹರಿಸಿದರೆ ಇಂಗಾಲಗಳು ಸಾಲಾಗಿ ಜೋಡಿಸಿಕೊಂಡು ಮೇಣವಾಗುತ್ತವೆ. ಮೇಣವನ್ನು ಮುರಿದು, ಕವಲೊಡೆಸಿ ವಿಮಾನ ಇಂಧನವನ್ನು ಪಡೆಯುತ್ತಾರೆ. ಜರ್ಮನಿಯ ಮ್ಯೂಲ್‌ಹೈಮ್ ನಗರದ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ ಫ್ರಾಂಜ್ ಫಿಶರ್ ಮತ್ತು ಹಾನ್ಸ್ ಟ್ರಾಪ್ಶ್ 1920ರ ದಶಕದಲ್ಲಿ ಕಂಡುಹಿಡಿದ ವಿಧಾನವಿದು. ಕಲ್ಲಿದ್ದಲಿನಿಂದ ಹೀಗೆ ತಯಾರಿಸಿದ ಇಂಧನವನ್ನು ದಕ್ಷಿಣ ಆಫ್ರಿಕದ ಸಾಸೋಲ್ ಸಂಸ್ಥೆ ಜೊಹಾನ್ಸ್‌ಬರ್ಗ್ ವಿಮಾನ ನಿಲ್ದಾಣಕ್ಕೆ ಒದಗಿಸುವುದಕ್ಕೆ 1999ರಲ್ಲೇ ಒಪ್ಪಿಗೆ ಸಿಕ್ಕಿತ್ತು.

ಕಲ್ಲಿದ್ದಲಿನಲ್ಲಿ ನಡೆದದ್ದು ಹುಲ್ಲಿನಲ್ಲಿ ಸುಲಭವಾಗಿ ನಡೆಯದಿರುವುದಕ್ಕೆ ಬೂದಿ ಮತ್ತು ಡಾಂಬರು ಮುಖ್ಯ ಕಾರಣಗಳು. ಭತ್ತದ ಹುಲ್ಲಿನ ತೂಕದಲ್ಲಿ ಶೇ. 10ಕ್ಕೂ ಹೆಚ್ಚು ಬೂದಿಯಿರುತ್ತದೆ, ಅದರಲ್ಲಿ ಬಹುಪಾಲು ಸಿಲಿಕಾ. ಹುಲ್ಲಿನಲ್ಲಿರುವ ಪೊಟ್ಯಾಸಿಯಂ ಈ ಸಿಲಿಕಾದೊಡನೆ ಸೇರಿ ಕಡಿಮೆ ತಾಪದಲ್ಲೇ ಕರಗಿ ಗಾಜಿನಂತೆ ಕುಲುಮೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಕ್ಲೋರಿನ್ ಲೋಹವನ್ನು ಕೊರೆಯುತ್ತದೆ. ಪೂರ್ತಿ ಒಡೆಯದೆ ಉಳಿದ ಡಾಂಬರು ಅನಿಲ ತಣಿದೊಡನೆ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಇತ್ತ ಕೋಬಾಲ್ಟ್ ವೇಗವರ್ಧಕಕ್ಕೆ ಗಂಧಕದ ಅತ್ಯಲ್ಪ ಅಂಶವೂ ವಿಷ. ಹೀಗಾಗಿ ಸ್ಥಾವರದ ಬಂಡವಾಳದಲ್ಲಿ ದೊಡ್ಡ ಪಾಲು, ಇಂಧನವನ್ನು ತಯಾರಿಸುವುದಕ್ಕಿಂತ ಅನಿಲವನ್ನು ತೊಳೆಯುವುದಕ್ಕೇ ಹೋಗುತ್ತದೆ.

ಇಂಗಾಲದ ನಷ್ಟವೂ ಇಲ್ಲಿ ಬೇರೆ ರೂಪದಲ್ಲಿ ಎದುರಾಗುತ್ತದೆ. ಸರಪಳಿ ಕಟ್ಟಲು ಒಂದು ಭಾಗ ಮಾನಾಕ್ಸೈಡಿಗೆ ಸುಮಾರು ಎರಡು ಭಾಗ ಜಲಜನಕ ಬೇಕು. ಹುಲ್ಲಿನಿಂದ ಬರುವ ಅನಿಲದಲ್ಲಿ ಅಷ್ಟು ಜಲಜನಕ ಇರುವುದಿಲ್ಲ. ಕೊರತೆಯನ್ನು ತುಂಬಲು ಮಾನಾಕ್ಸೈಡಿನ ಒಂದು ಪಾಲನ್ನು ನೀರಿನ ಹಬೆಯೊಡನೆ ಪ್ರತಿವರ್ತಿಸಿ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡಿಸುತ್ತಾರೆ. ಎಂದರೆ ಜಲಜನಕವನ್ನು ಇಂಗಾಲ ತೆತ್ತು ಕೊಳ್ಳುತ್ತೇವೆ. ಸ್ಥಾವರಕ್ಕೆ ಬೇಕಾದ ಶಾಖಕ್ಕೂ ಒಂದಿಷ್ಟು ಹುಲ್ಲು ಉರಿಯುತ್ತದೆ. ಒಟ್ಟಿನಲ್ಲಿ ಒಂದು ಟನ್ ಒಣ ಹುಲ್ಲಿನಿಂದ 150ರಿಂದ 200 ಕಿಲೋ ದ್ರವ ಇಂಧನ ಬಂದರೆ ಒಳ್ಳೆಯ ಫಲಿತಾಂಶ. ಹುಲ್ಲಿನಲ್ಲಿದ್ದ ಇಂಗಾಲದ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು ಮಾತ್ರ ಟ್ಯಾಂಕನ್ನು ತಲುಪುತ್ತದೆ.

ಮೂರನೆಯದಾಗಿ, ಹುಲ್ಲನ್ನು ನೇರವಾಗಿ ದ್ರವವಾಗಿಸುವ ವಿಧಾನಗಳಿವೆ. ಗಾಳಿಯಿಲ್ಲದೆ ಸುಮಾರು 500 ಡಿಗ್ರಿಯಲ್ಲಿ ಕೆಲವೇ ಸೆಕೆಂಡುಗಳ ಕಾಲ ಕಾಯಿಸಿ ಜೈವಿಕ ಎಣ್ಣೆಯನ್ನು ಪಡೆಯುವುದು ಒಂದು. ಒದ್ದೆಯಾದ ತ್ಯಾಜ್ಯವನ್ನು ಒಣಗಿಸದೆಯೇ 300ರಿಂದ 350 ಡಿಗ್ರಿಯ ನೀರಿನಲ್ಲಿ ಭಾರಿ ಒತ್ತಡದಡಿ ಬೇಯಿಸುವುದು ಇನ್ನೊಂದು. ಮೊದಲನೆಯದರಲ್ಲಿ ಒಣ ಮರದ ತೂಕದ ಶೇ. 60ಕ್ಕೂ ಹೆಚ್ಚು ದ್ರವ ಸಿಗುತ್ತದೆಯೆಂಬುದು ಆಕರ್ಷಕವಾಗಿ ಕೇಳಿಸುತ್ತದೆ. ಆದರೆ ಆ ದ್ರವದಲ್ಲಿ ಆಮ್ಲಜನಕವೂ ನೀರೂ ಹಾಗೆಯೇ ಉಳಿದಿರುತ್ತವೆ, ಅದು ಹುಳಿ ದ್ರವ, ಇಟ್ಟಷ್ಟೂ ಗಟ್ಟಿಯಾಗುತ್ತದೆ. ಆಮ್ಲಜನಕವನ್ನು ತೆಗೆಯುವ ಕೆಲಸವನ್ನು ಮುಂದಕ್ಕೆ ಹಾಕಿದಂತಾಯಿತೇ ಹೊರತು ಮುಗಿಸಿದಂತಾಗಲಿಲ್ಲ.

ಈ ಹಂತದಲ್ಲಿ ನನ್ನ ಮಾತಿನ ಮುಖ್ಯ ಅಂಶವನ್ನು ಹೇಳಬೇಕು. ವಿಮಾನಯಾನದ ಅಂತರರಾಷ್ಟ್ರೀಯ ಇಂಗಾಲ ಯೋಜನೆಯಾದ ಕೋರ್ಸಿಯಾದಲ್ಲಿ ಸಾಧಾರಣ ವಿಮಾನ ಇಂಧನದ ಜೀವಿತಾವಧಿಯ, ಅಂದರೆ ತಯಾರಿಕೆಯಿಂದ ಉರಿಯುವವರೆಗಿನ ಹೊರಸೂಸುವಿಕೆ ಪ್ರತಿ ಮೆಗಾಜೌಲಿಗೆ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ 89 ಗ್ರಾಂ ಎಂದು ನಿಗದಿಯಾಗಿದೆ. ಕೃಷಿ ಶೇಷವನ್ನು ಅನಿಲೀಕರಿಸಿ ತಯಾರಿಸಿದ ಇಂಧನಕ್ಕೆ ಅಲ್ಲಿ ಕೊಟ್ಟಿರುವ ಮೌಲ್ಯ 7.7 ಗ್ರಾಂ, ಅದೇ ಶೇಷದಿಂದ ಐಸೊಬ್ಯುಟನಾಲ್ ಮೂಲಕ ಬಂದ ಇಂಧನಕ್ಕೆ 29.3 ಗ್ರಾಂ. ಮೊದಲನೆಯದು ಶೇ. 90ಕ್ಕೂ ಮೀರಿದ ಇಳಿಕೆ. ಈ ಅಂಕಿಗಳು ಸುಳ್ಳಲ್ಲ. ಹುಲ್ಲು ಒಂದು ವರ್ಷದ ಹಿಂದೆ ಗಾಳಿಯಿಂದ ಹೀರಿದ್ದ ಇಂಗಾಲವನ್ನೇ ಮರಳಿ ಬಿಡುವುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಸ್ಥಾವರವು ತನ್ನ ಶಾಖಕ್ಕೆ ಹುಲ್ಲನ್ನೇ ಉರಿಸಿದಾಗ ಅದೂ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಒಂದು ಲೀಟರಿಗೆ ಐದು ಕಿಲೋ ಹುಲ್ಲು ಖರ್ಚಾಯಿತೇ ಹತ್ತು ಕಿಲೋ ಖರ್ಚಾಯಿತೇ ಎಂಬುದು ಈ ಅಂಕಿಯಲ್ಲಿ ಕಾಣಿಸುವುದೇ ಇಲ್ಲ. ಹುಲ್ಲು ಅಪಾರವಾಗಿದ್ದರೆ ಚಿಂತೆಯಿರಲಿಲ್ಲ. ಅದು ಅಪಾರವಲ್ಲ. ಆದ್ದರಿಂದ ಪ್ರತಿ ಮೆಗಾಜೌಲಿಗೆ ಎಷ್ಟು ಗ್ರಾಂ ಎಂಬ ಅಂಕಿಯ ಪಕ್ಕದಲ್ಲೇ, ಪ್ರತಿ ಟನ್ ಶೇಷಕ್ಕೆ ಎಷ್ಟು ಲೀಟರ್ ಎಂಬ ಅಂಕಿಯನ್ನೂ ಪ್ರತಿಯೊಂದು ಯೋಜನೆಯೂ ಸಾರ್ವಜನಿಕವಾಗಿ ಹೇಳಬೇಕೆಂದು ನಾನು ಒತ್ತಾಯಿಸುತ್ತೇನೆ.

ಅಪಾರವಲ್ಲ ಎಂದೆನಷ್ಟೆ. ಜಗತ್ತಿನ ವಿಮಾನಗಳು ವರ್ಷಕ್ಕೆ ಸುಮಾರು 30 ಕೋಟಿ ಟನ್ ಇಂಧನವನ್ನು ಉರಿಸುತ್ತವೆ. ಟನ್ನಿಗೆ 150 ಕಿಲೋದ ಲೆಕ್ಕದಲ್ಲಿ ಇದಷ್ಟನ್ನೂ ಶೇಷದಿಂದಲೇ ತಯಾರಿಸಲು ವರ್ಷಕ್ಕೆ 200 ಕೋಟಿ ಟನ್ ಒಣ ಶೇಷ ಬೇಕು. ಜಗತ್ತಿನ ಒಟ್ಟು ಭತ್ತದ ಬೆಳೆ ವರ್ಷಕ್ಕೆ 80 ಕೋಟಿ ಟನ್ನಿನ ಆಸುಪಾಸಿನಲ್ಲಿದೆ, ಹುಲ್ಲೂ ಹೆಚ್ಚುಕಡಿಮೆ ಅಷ್ಟೇ ತೂಕ ಬರುತ್ತದೆ ಎಂಬುದನ್ನು ನೆನೆದರೆ ಈ ಪ್ರಮಾಣದ ಅರ್ಥ ತಿಳಿಯುತ್ತದೆ. ಆ ಹುಲ್ಲಿಗೆ ಆಗಲೇ ಹಕ್ಕುದಾರರಿದ್ದಾರೆ. ದನಕರುಗಳು ಅದನ್ನು ತಿನ್ನುತ್ತವೆ. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಬಾಯ್ಲರನ್ನು ಉರಿಸುತ್ತದೆ. ಎಲ್ಲಕ್ಕಿಂತ ಹಳೆಯ ಹಕ್ಕುದಾರನೆಂದರೆ ಮಣ್ಣು. ಹೊಲದಲ್ಲಿ ಬಿದ್ದ ದಂಟು ಮಳೆಯ ಹೊಡೆತದಿಂದ ಮಣ್ಣನ್ನು ಕಾಯುತ್ತದೆ, ತೇವವನ್ನು ಹಿಡಿದಿಡುತ್ತದೆ, ಕೊಳೆತು ಮಣ್ಣಿನ ಸಾವಯವ ಇಂಗಾಲವಾಗುತ್ತದೆ. ಪೊಟ್ಯಾಸಿಯಂ, ರಂಜಕಗಳನ್ನು ಮರಳಿಸುತ್ತದೆ. ಎಷ್ಟು ತೆಗೆಯಬಹುದೆಂಬುದು ಇಳಿಜಾರು, ಮಳೆ, ಉಳುಮೆಯ ಕ್ರಮಗಳನ್ನು ಅವಲಂಬಿಸಿ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಮೂರನೇ ಒಂದರಿಂದ ಅರ್ಧದವರೆಗೆ ಎಂಬುದು ಯೋಜನೆಗಳಲ್ಲಿ ಸಾಮಾನ್ಯವಾಗಿ ಹಿಡಿಯುವ ಪ್ರಮಾಣ. ಮಣ್ಣಿನ ಇಂಗಾಲವನ್ನು ಬರಿದು ಮಾಡಿ ಆಕಾಶದ ಇಂಗಾಲವನ್ನು ಉಳಿಸಿದೆವೆಂದು ಹೇಳಿಕೊಳ್ಳುವುದು ಯಾರಿಗೂ ಶೋಭಿಸದು. ಇದೇ ಹುಲ್ಲನ್ನು ಕೊಯ್ಲಿನ ನಂತರ ಹೊಲದಲ್ಲೇ ಸುಡುವ ಪ್ರದೇಶಗಳಲ್ಲಾದರೆ ಮಾತು ಬೇರೆ. ಅಲ್ಲಿ ಮಣ್ಣಿಗೆ ದಕ್ಕುವುದು ಬೂದಿ ಮಾತ್ರ, ಸುತ್ತಲಿನ ಜನರಿಗೆ ದಕ್ಕುವುದು ಹೊಗೆ. ಸಂಗ್ರಹಣೆ ಮೊದಲು ಆರಂಭವಾಗಬೇಕಾದದ್ದು ಅಂಥ ಕಡೆಗಳಲ್ಲಿಯೇ.

ಸಂಗ್ರಹಣೆಯ ಕಷ್ಟವನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ವರ್ಷಕ್ಕೆ ಒಂದು ಲಕ್ಷ ಟನ್ ಇಂಧನ ತಯಾರಿಸುವ ಸ್ಥಾವರವನ್ನು ಊಹಿಸಿಕೊಳ್ಳಿ. ಪೆಟ್ರೋಲಿಯಂ ಸಂಸ್ಕರಣಾಗಾರಗಳ ಮುಂದೆ ಅದು ಚಿಕ್ಕದು. ಅದಕ್ಕೆ ಆರೂವರೆ ಲಕ್ಷ ಟನ್ನಿಗೂ ಹೆಚ್ಚು ಒಣ ಹುಲ್ಲು ಬೇಕು. ಹೆಕ್ಟೇರಿಗೆ ಎರಡು ಟನ್ ತೆಗೆಯಬಹುದಾದರೆ ಮೂರು ಲಕ್ಷ ಹೆಕ್ಟೇರಿಗೂ ಮೀರಿದ ಬಿತ್ತನೆ ಪ್ರದೇಶ, ಅಂದರೆ ಸಾವಿರಾರು ರೈತರ ಒಪ್ಪಿಗೆ ಬೇಕು. ದಿನಕ್ಕೆ ಎರಡು ಸಾವಿರ ಟನ್, ಹತ್ತು ಟನ್ನಿನ ಇನ್ನೂರು ಲಾರಿಗಳು. ಬಿಡಿ ಹುಲ್ಲು ಒಂದು ಘನ ಮೀಟರಿಗೆ ನೂರು ಕಿಲೋ ಕೂಡ ತೂಗದಿರುವುದರಿಂದ ಅದನ್ನು ಒತ್ತಿ ಕಟ್ಟು ಮಾಡದೆ ಲಾರಿ ತುಂಬಿಸಿದರೆ ಗಾಳಿಯನ್ನೇ ಸಾಗಿಸಿದಂತೆ. ಕೊಯ್ಲು ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ಸ್ಥಾವರವಾದರೋ ವರ್ಷವಿಡೀ ಓಡಬೇಕು. ಅಷ್ಟು ದಿನ ಮಳೆಯಿಂದ, ಬೆಂಕಿಯಿಂದ, ಕೊಳೆತದಿಂದ ಹುಲ್ಲನ್ನು ಕಾಪಾಡಬೇಕು. ಸ್ಥಾವರ ದೊಡ್ಡದಾದಷ್ಟೂ ಲೀಟರಿಗೆ ತಗಲುವ ಬಂಡವಾಳ ಇಳಿಯುತ್ತದೆ, ಆದರೆ ಹುಲ್ಲು ತರುವ ದೂರ ಏರುತ್ತದೆ. ಈ ಎರಡು ಖರ್ಚುಗಳ ನಡುವಿನ ಎಳೆದಾಟವೇ ಇಲ್ಲಿನ ಅರ್ಥಶಾಸ್ತ್ರದ ಬೆನ್ನೆಲುಬು.

ಈ ಎಳೆದಾಟದಲ್ಲಿ ಸೋತವರು ಹಲವರು. ಮರದಿಂದ ಅನಿಲೀಕರಣದ ಮೂಲಕ ಡೀಸೆಲ್ ತಯಾರಿಸಲು ಹೊರಟ ಜರ್ಮನಿಯ ಫ್ರೈಬರ್ಗ್‌ನ ಖೋರೆನ್ ಸಂಸ್ಥೆ 2011ರಲ್ಲಿ ದಿವಾಳಿಯಾಯಿತು. ಅಮೆರಿಕದ ಮಿಸಿಸಿಪಿಯಲ್ಲಿ ಮರದ ಚೂರುಗಳಿಂದ ಇಂಧನ ತೆಗೆಯಲು ಸ್ಥಾವರ ಕಟ್ಟಿದ್ದ ಕಿಯೋರ್ ಸಂಸ್ಥೆ 2014ರಲ್ಲಿ ಅದೇ ಹಾದಿ ಹಿಡಿಯಿತು. ಆರಿಗಾನ್ ರಾಜ್ಯದ ಲೇಕ್‌ವ್ಯೂನಲ್ಲಿ ಕಾಡಿನ ಶೇಷದಿಂದ ವಿಮಾನ ಇಂಧನ ತಯಾರಿಸಲು ಆರಂಭಿಸಿದ್ದ ರೆಡ್ ರಾಕ್ ಸ್ಥಾವರದ ನಿರ್ಮಾಣ ಅರ್ಧಕ್ಕೇ ನಿಂತಿತು. ಈ ಸೋಲುಗಳನ್ನು ರಸಾಯನಶಾಸ್ತ್ರದ ಸೋಲೆಂದು ಓದುವುದು ತಪ್ಪು. ಪ್ರಯೋಗಾಲಯದಲ್ಲಿ ಶುದ್ಧ ಮಾದರಿಯ ಮೇಲೆ ನಡೆದದ್ದನ್ನು, ಮಣ್ಣು ಕಲ್ಲು ಬೆರೆತ, ದಿನಕ್ಕೊಂದು ತೇವಾಂಶದ ಕಚ್ಚಾವಸ್ತುವಿನ ಮೇಲೆ, ಮಧ್ಯದ ಹಂತಗಳನ್ನು ಸಾಕಷ್ಟು ಕಾಲ ನಡೆಸದೆ ಒಮ್ಮೆಲೇ ದೊಡ್ಡದು ಮಾಡಲು ಹೋದಾಗ ಎಂಥ ತಂತ್ರಜ್ಞಾನವಾದರೂ ತತ್ತರಿಸುತ್ತದೆ.

ಇದರ ಫಲವಾಗಿ ಇಂದು ಮಾರುಕಟ್ಟೆಯಲ್ಲಿರುವ ಸುಸ್ಥಿರ ವಿಮಾನ ಇಂಧನದ ಬಹುಪಾಲು ಹುಲ್ಲಿನದಲ್ಲ, ಬಳಸಿದ ಅಡುಗೆ ಎಣ್ಣೆ ಮತ್ತು ಕೊಬ್ಬಿನದು. ಎಣ್ಣೆಯ ಅಣುವಿನಲ್ಲಿ ಆಮ್ಲಜನಕ ಕಡಿಮೆ, ಸರಪಳಿ ಆಗಲೇ ಸಿದ್ಧ; ಆದ್ದರಿಂದ ಅದು ಸುಲಭ. ಆದರೆ ಜಗತ್ತು ಕರಿದು ಉಳಿಸುವ ಎಣ್ಣೆಗೆ ಮಿತಿಯಿದೆ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಅಂದಾಜಿನಂತೆ 2024ರಲ್ಲಿ ಎಲ್ಲ ಬಗೆಯ ಸುಸ್ಥಿರ ವಿಮಾನ ಇಂಧನವೂ ಸೇರಿ ಸುಮಾರು ಹತ್ತು ಲಕ್ಷ ಟನ್, ಅಂದರೆ ಒಟ್ಟು ಬಳಕೆಯ ಶೇ. 0.3 ಮಾತ್ರ. ಯುರೋಪಿಯನ್ ಒಕ್ಕೂಟದ ಕಾನೂನು 2025ರಲ್ಲಿ ಶೇ. 2, 2030ರಲ್ಲಿ ಶೇ. 6, 2035ರಲ್ಲಿ ಶೇ. 20, 2050ರಲ್ಲಿ ಶೇ. 70 ಪಾಲನ್ನು ಕಡ್ಡಾಯಗೊಳಿಸಿದೆ. ಆಹಾರ ಮತ್ತು ಮೇವಿನ ಬೆಳೆಗಳಿಂದ ಬಂದ ಇಂಧನವನ್ನು ಈ ಪಾಲಿಗೆ ಸೇರಿಸಿಕೊಳ್ಳುವುದಿಲ್ಲ. 2030 ಮತ್ತು 2035ರ ನಡುವಿನ ಆ ಏರಿಕೆ ಅಡುಗೆ ಎಣ್ಣೆಯಿಂದ ಆಗುವಂಥದ್ದಲ್ಲ. ಹುಲ್ಲು, ದಂಟು, ಮರದ ಶೇಷಗಳ ಸರದಿ ಬರಲೇಬೇಕು.

ಬಂದಾಗ ಅವುಗಳ ಇಂಗಾಲವನ್ನು ಹೇಗೆ ಉಳಿಸಿಕೊಳ್ಳುವುದು? ಆಮ್ಲಜನಕವು ಹೊರಹೋಗುವ ಎರಡು ದಾರಿಗಳನ್ನು ಹೇಳಿದ್ದೆ. ನೀರಾಗಿ ಹೋಗುವ ದಾರಿಗೆ ಹೊರಗಿನಿಂದ ಜಲಜನಕ ಕೊಟ್ಟರೆ ಏನಾಗುತ್ತದೆಂದು ನೋಡಿ. ಒಂದು ಟನ್ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲವಿದೆ ಎಂದು ಹಿಡಿದರೆ, ಅದಷ್ಟೂ ಇಂಧನವಾಗಲು ಸುಮಾರು 60 ಕಿಲೋ ಜಲಜನಕ ಸಾಕು. ಸೈದ್ಧಾಂತಿಕವಾಗಿ 460 ಕಿಲೋಗೂ ಹೆಚ್ಚು ಹೈಡ್ರೋಕಾರ್ಬನ್ ದೊರೆಯುತ್ತದೆ. ಆ ಮಿತಿಯನ್ನು ಯಾರೂ ಮುಟ್ಟಲಾರರು, ಆದರೂ ಈಗಿನ 150 ಕಿಲೋ ಎರಡು ಪಟ್ಟಾಗುವುದು ಅಸಾಧ್ಯದ ಮಾತಲ್ಲ. ಎರಡು ಪಟ್ಟಾದರೆ ಅಷ್ಟೇ ಇಂಧನಕ್ಕೆ ಅರ್ಧದಷ್ಟು ಹೊಲ, ಅರ್ಧದಷ್ಟು ಲಾರಿ, ಅರ್ಧದಷ್ಟು ದಾಸ್ತಾನು ಸಾಕಾಗುತ್ತದೆ. ನೀರನ್ನು ವಿದ್ಯುತ್ತಿನಿಂದ ವಿಭಜಿಸಿ 60 ಕಿಲೋ ಜಲಜನಕ ಪಡೆಯಲು ಮೂರು ಸಾವಿರ ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಬೇಕು. ಅದು ಕಲ್ಲಿದ್ದಲಿನಿಂದ ಬಂದ ವಿದ್ಯುತ್ತಾದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಬಿಸಿಲು ಮತ್ತು ಗಾಳಿಯ ವಿದ್ಯುತ್ ಅಗ್ಗವಾಗಿ ದೊರೆಯುವ, ಶೇಷವೂ ದೊರೆಯುವ ಸ್ಥಳಗಳಲ್ಲಿ ಈ ಜೋಡಣೆಗೆ ದೊಡ್ಡ ಭವಿಷ್ಯವಿದೆಯೆಂದು ನಾನು ನಂಬುತ್ತೇನೆ.

ಇದರ ಜೊತೆಗೇ ಇನ್ನೊಂದು ನಿಲುವನ್ನೂ ಸ್ಪಷ್ಟವಾಗಿ ಹೇಳಬೇಕು. ಹುಲ್ಲಿನಿಂದ ಬಂದ ಎಥನಾಲನ್ನು ಪೆಟ್ರೋಲಿಗೆ ಬೆರೆಸಿ ಕಾರುಗಳಲ್ಲಿ ಉರಿಸುವುದು ಇಂದಿಗೆ ಸರಿಯಾಗಿ ಕಾಣಬಹುದು. ಆದರೆ ಕಾರು ವಿದ್ಯುತ್ತಿನಿಂದ ಓಡಬಲ್ಲದು, ಸಾಗರ ದಾಟುವ ವಿಮಾನ ಓಡಲಾರದು. ಸೀಮಿತವಾದ ಈ ಇಂಗಾಲ ಬೇರೆ ದಾರಿಯಿಲ್ಲದ ಕಡೆಗೇ ಹೋಗಬೇಕು, ಅದರಲ್ಲೂ ದೂರದ ಹಾರಾಟಗಳಿಗೆ ಮೀಸಲಾಗಬೇಕು. ರೈಲಿನಲ್ಲಿ ಕೆಲವು ಗಂಟೆಗಳಲ್ಲಿ ತಲುಪಬಹುದಾದ ಊರಿಗೆ ಹಾರಲು ಅದನ್ನು ವ್ಯಯಿಸುವುದು ನನಗೆ ಒಪ್ಪಿಗೆಯಿಲ್ಲ. ಶೇಷವೇ ಎಲ್ಲ ವಿಮಾನಗಳನ್ನೂ ಹಾರಿಸುತ್ತದೆ ಎಂದು ಹೇಳಿಕೊಂಡು ಹಾರಾಟವನ್ನು ಮನಸ್ಸಿಗೆ ಬಂದಷ್ಟು ಬೆಳೆಸುವುದನ್ನು ಈ ಲೆಕ್ಕ ಬೆಂಬಲಿಸುವುದಿಲ್ಲ.

ಮೊದಲ ಸ್ಥಾವರಗಳು ಎಲ್ಲಿ ಬರಬೇಕು ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಶೇಷವು ಬೇರೊಂದು ಕಾರಣಕ್ಕಾಗಿ ಆಗಲೇ ಒಂದೆಡೆ ಬಂದು ಸೇರುವ ಜಾಗಗಳಲ್ಲಿ ಎಂಬುದು ನನ್ನ ಉತ್ತರ. ಸಕ್ಕರೆ ಕಾರ್ಖಾನೆಗೆ ಕಬ್ಬಿನೊಡನೆಯೇ ಸಿಪ್ಪೆ ಬರುತ್ತದೆ, ಅಕ್ಕಿ ಗಿರಣಿಗೆ ಭತ್ತದೊಡನೆಯೇ ಹೊಟ್ಟು ಬರುತ್ತದೆ, ಮರ ಕೊಯ್ಯುವ ಕಾರ್ಖಾನೆಯಲ್ಲಿ ಹೊಟ್ಟಿನ ರಾಶಿಯಿರುತ್ತದೆ, ಕಾಗದದ ಕಾರ್ಖಾನೆಯಲ್ಲಿ ಲಿಗ್ನಿನ್ ತುಂಬಿದ ಕಪ್ಪು ದ್ರಾವಣ ಉಳಿಯುತ್ತದೆ. ಅಲ್ಲಿ ಲಾರಿಗಳ ಖರ್ಚನ್ನು ಮುಖ್ಯ ಉತ್ಪನ್ನವೇ ಆಗಲೇ ಭರಿಸಿದೆ. ಆದರೆ ಇವುಗಳಲ್ಲಿ ಹಲವನ್ನು ಆ ಕಾರ್ಖಾನೆಗಳು ತಮ್ಮ ಬಾಯ್ಲರುಗಳಲ್ಲಿ ಉರಿಸುತ್ತಿವೆ. ಸಿಪ್ಪೆಯನ್ನು ವಿಮಾನಕ್ಕೆ ಕೊಟ್ಟು ಬಾಯ್ಲರಿಗೆ ಕಲ್ಲಿದ್ದಲು ತಂದರೆ ಪಡೆದದ್ದೇನೂ ಉಳಿಯದು. ಹಾಗಾಗಿ ಬಾಯ್ಲರಿನ ದಕ್ಷತೆಯನ್ನು ಹೆಚ್ಚಿಸಿ, ಕಾರ್ಖಾನೆಯ ಹಬೆಯ ಬಳಕೆಯನ್ನು ತಗ್ಗಿಸಿ, ಅದರಿಂದ ನಿಜವಾಗಿ ಮಿಗುವ ಸಿಪ್ಪೆಯನ್ನು ಅಳೆದು, ಆ ಮಿಗುವ ಭಾಗಕ್ಕೆ ತಕ್ಕ ಗಾತ್ರದ ಇಂಧನ ಘಟಕವನ್ನು ಕಟ್ಟಬೇಕು. ಹೊಲದಿಂದ ನೇರವಾಗಿ ಹುಲ್ಲು ಕೊಳ್ಳುವ ಘಟಕಗಳಾದರೆ, ಎಷ್ಟು ಕೊಳ್ಳುತ್ತೇವೆಂಬುದರ ಜೊತೆಗೆ ಹೆಕ್ಟೇರಿಗೆ ಎಷ್ಟು ಹೊಲದಲ್ಲೇ ಬಿಡಬೇಕೆಂಬುದನ್ನೂ ರೈತರೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಬರೆಯಬೇಕು, ಕೆಲವು ವರ್ಷಗಳಿಗೊಮ್ಮೆ ಆ ಹೊಲಗಳ ಮಣ್ಣಿನ ಇಂಗಾಲವನ್ನು ಅಳೆಸುವ ಖರ್ಚನ್ನು ಇಂಧನದ ಬೆಲೆಯಲ್ಲೇ ಸೇರಿಸಬೇಕು.